ಮಳೆಗೆ ವಿಳಾಸವಿಲ್ಲ ಅಂದುಕೊಂಡವರು

ನಿಮ್ಮ ನಿಜವಾದ ಹೆಸರು ಹೇಳಿ ಎಂದು ಚದುರಂಗದ ಸೈಟು ಕೇಳಿದ ಹೊತ್ತಿಗೆ ಅವಳು ಯಾರೋ ಅಜ್ಜನ ಕೆಳದವಡೆಗೆ ಪಾಲಿಶ್ ಹಾಕುತ್ತಿದ್ದಳು.

ಅದು ಅಜ್ಜನದೇ ಎಂದು ಅವಳಿಗೆ ಹೇಳಿದವರಿಲ್ಲ. ಹಲ್ಲು ಕಟ್ಟುವ ಲ್ಯಾಬಿಗೆ ಬರುವುದು ಬಾಯಿಯ ಅಚ್ಚು, ಅದರ ಜೊತೆಗೊಂದು ಚೀಟಿ, ಚೀಟಿಯಲ್ಲೊಂದು ನಂಬರು, ಅಷ್ಟೇ. ಬೈಯುವ ಬಾಯೋ ಹಾಡುವ ಬಾಯೋ, ಅದು ಡಾಕ್ಟರಿಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಹಲ್ಲು ಕೊಟ್ಟವಳು ಇವಳು. ಬಸ್ಸಿನಲ್ಲಿ ಎದುರಿಗೆ ಕೂತವರು ಬಾಯಿಬಿಟ್ಟು ನಕ್ಕರೆ, ಇದು ನನ್ನ ಕೈಯದೇ ಇರಬಹುದಾ ಎಂದು ಕದ್ದು ನೋಡುತ್ತಾಳೆ. ಕೇಳುವ ಹಾಗಿಲ್ಲ, ಕೇಳಬೇಕೆಂದು ಅನಿಸುವುದೂ ಇಲ್ಲ. ನೋಡಿ ಖುಷಿಪಟ್ಟು ತನ್ನ ಸ್ಟಾಪಿನಲ್ಲಿ ಇಳಿದುಕೊಳ್ಳುತ್ತಾಳೆ.

ಅಂಥವಳಿಗೆ ಪ್ರೀತಿಯೂ ಹಾಗೇ ಬಂದಿತ್ತು, ಹೆಸರಿಲ್ಲದೆ, ಮುಖವಿಲ್ಲದೆ.

ಹನ್ನೊಂದು ವರ್ಷದ ಹಿಂದೆ, ಗಂಡ ಬಟ್ಟೆಬರೆ ಕಟ್ಟಿಕೊಂಡು ಬೇರೆ ಮನೆ ಮಾಡಿದ ಮೇಲೆ, ಸಂಜೆ ಹೊತ್ತು ಹೋಗದೆ ಅವಳು ಆ ಸೈಟಿಗೆ ಸೇರಿದ್ದಳು. ಸಣ್ಣ ಸೈಟು. ಫೋಟೋ ಹಾಕಲು ಅದರಲ್ಲಿ ಜಾಗವೇ ಇರಲಿಲ್ಲ. ದಿನಕ್ಕೆ ಒಂದೇ ನಡೆ, ನಡೆಯ ಕೆಳಗೆ ಒಂದೆರಡು ಸಾಲು ಬರೆಯಲು ಪುಟ್ಟದೊಂದು ಡಬ್ಬಿ. ಅವಳು ‘ಕಾಲಾಳು’ ಎಂದು ಹೆಸರಿಟ್ಟುಕೊಂಡಳು. ಮೊದಲ ಆಟಕ್ಕೆ ಸಿಕ್ಕವನು ‘ಕುಂಟುಕುದುರೆ’. ಇಪ್ಪತ್ತು ನಡೆಯೊಳಗೆ ಅವಳ ಮಂತ್ರಿಯನ್ನು ನುಂಗಿ ನೀರು ಕುಡಿದ. ಅವಳಿಗೆ ಮೈಯೆಲ್ಲ ಉರಿಯಿತು. ‘ಕುಂಟು ಅಂತ ಹೆಸರಿಟ್ಕೊಂಡು ಹೀಗೆ ಓಡ್ತೀರಲ್ಲ, ನಾಚಿಕೆ ಆಗಲ್ವಾ?’ ಎಂದು ಬರೆದಳು. ‘ಹೆಸರು ನೋಡಿ ನೀವು ಮೈಮರೀಲಿ ಅಂತಲೇ ಇಟ್ಕೊಂಡಿದ್ದು’ ಎಂದು ಉತ್ತರ ಬಂತು. ಅವಳು ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಬಹಳ ದಿನವಾಗಿತ್ತು.

ಒಪ್ಪಂದ ಮಾಡಿದವನು ಅವನೇ. ಹೆಸರು ಬೇಡ, ಊರು ಬೇಡ, ಫೋಟೋ ಬೇಡ. ಅವಳಿಗೂ ಅದೇ ಬೇಕಿತ್ತು. ಬೀದಿಯಲ್ಲಿ ಅವಳು ಗಂಡ ಬಿಟ್ಟವಳು, ಲ್ಯಾಬಿನಲ್ಲಿ ಮೇಡಂ, ಮನೆಯಲ್ಲಿ ಅಮ್ಮ. ಯಾರೂ ಅಲ್ಲದೆ ಹತ್ತು ನಿಮಿಷ ಕೂರಲು ಒಂದು ಜಾಗ ಸಿಕ್ಕಿತ್ತು.

ಆದರೆ ಮನುಷ್ಯರು ಏನಾದರೂ ಕೊಡದೆ ಇರಲಾರರು ನೋಡಿ. ಅವಳು ತಾನು ಅವತ್ತು ಕಟ್ಟಿದ ಹಲ್ಲಿನ ಸುದ್ದಿ ಕೊಡುತ್ತಿದ್ದಳು: ‘ಇವತ್ತು ಎರಡು ಮುಂದಿನ ಹಲ್ಲು. ಸ್ವಲ್ಪ ಹಳದಿ ಬೇಕಂತೆ, ಸಿಗರೇಟು ಸೇದೋರಿರಬೇಕು.’ ಅವನು ಮಳೆ ಕೊಡುತ್ತಿದ್ದ. ಅವನ ಕೆಲಸ ಎಲ್ಲೋ ಒಂದು ಹವಾಮಾನ ಕೇಂದ್ರದಲ್ಲಿ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಗಾಜಿನ ಅಳತೆಪಾತ್ರೆಗೆ ಬಗ್ಗಿಸಿ, ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳುವುದು. ಊರು ಹೇಳುವಂತಿಲ್ಲ ಸರಿ, ಅಳತೆ ಹೇಳಬಹುದಲ್ಲ? ‘ಇವತ್ತು ಹನ್ನೊಂದು ಪಾಯಿಂಟ್ ನಾಲ್ಕು.’ ‘ಇವತ್ತು ಸೊನ್ನೆ, ನಿಮ್ಮಾಣೆ.’ ಮಳೆಗೇನು ಹೆಸರಿದೆಯೇ, ವಿಳಾಸವಿದೆಯೇ? ಯಾರ ತಲೆಯ ಮೇಲೆ ಬೇಕಾದರೂ ಬೀಳುತ್ತದೆ. ಇದಕ್ಕಿಂತ ಅಪಾಯವಿಲ್ಲದ ಉಡುಗೊರೆ ಲೋಕದಲ್ಲಿಲ್ಲ ಎಂದು ಇಬ್ಬರೂ ನಂಬಿದ್ದರು.

ಆಟ ಮುಗಿದ ಕೂಡಲೇ ಸೈಟು ಆ ಸಾಲುಗಳನ್ನು ಅಳಿಸಿಬಿಡುತ್ತಿತ್ತು. ಅದಕ್ಕೇ ಅವಳು ಒಂದು ನೋಟುಬುಕ್ಕು ಇಟ್ಟುಕೊಂಡು, ತಾರೀಖು ಹಾಕಿ ಅವನ ಮಳೆಯನ್ನು ಬರೆದಿಡುತ್ತಿದ್ದಳು. ಬೇರೆಯವರು ಪುಸ್ತಕದ ನಡುವೆ ಒಣಗಿದ ಹೂ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಹನ್ನೊಂದು ವರ್ಷದ ಮಳೆ ಅವಳ ಬೀರುವಿನಲ್ಲಿ, ಚಳಿಬಟ್ಟೆಗಳ ಕೆಳಗೆ ಬೆಚ್ಚಗೆ ಮಲಗಿತ್ತು.

ಈಗ ಸೈಟಿನವರು ನೋಟೀಸು ಹಾಕಿದ್ದರು. ಎಲ್ಲರ ಸುರಕ್ಷತೆಗಾಗಿ ಮುಂದಿನ ಒಂದನೇ ತಾರೀಖಿನಿಂದ ನಿಜವಾದ ಹೆಸರು, ಗುರುತಿನ ಚೀಟಿ, ಮುಖದ ಫೋಟೋ ಕೊಡಬೇಕು. ಕೊಡದವರ ಖಾತೆ ಮುಚ್ಚಲಾಗುವುದು. ಅವಳು ದವಡೆಯನ್ನು ಕೆಳಗಿಟ್ಟು, ‘ನೋಡಿದ್ರಾ?’ ಎಂದು ಬರೆದಳು.

‘ನೋಡಿದೆ. ನಾನು ಕೊಡಲ್ಲ. ಮೂವತ್ತರೊಳಗೆ ಈ ಆಟ ಮುಗಿಸೋಣ.’

ಆ ಆಟದಲ್ಲಿ ಅವಳ ಕಾಲಾಳೊಂದು ಹಲಗೆಯ ಕೊನೆಯ ಮನೆಗೆ ಒಂದೇ ಹೆಜ್ಜೆ ದೂರದಲ್ಲಿ ನಿಂತಿತ್ತು. ಆ ಮನೆ ಮುಟ್ಟಿದರೆ ಕಾಲಾಳು ಮಂತ್ರಿಯಾಗುತ್ತದೆ. ಅದನ್ನು ಅವನ ಕುದುರೆ ಕಾಯುತ್ತಿತ್ತು, ಕಾಲಿಟ್ಟರೆ ತಿಂದು ಹಾಕುತ್ತಿತ್ತು. ಆದರೆ ಈಗ ಆಟ ಯಾರಿಗೆ ಬೇಕಾಗಿತ್ತು? ಮೂರು ಸಲ ಬರೆದಳು, ಮೂರು ಸಲ ಅಳಿಸಿದಳು. ನಾಲ್ಕನೇ ಸಲ ಕಣ್ಣು ಮುಚ್ಚಿ ಕಳಿಸಿಯೇಬಿಟ್ಟಳು: ‘ಹಾಗಾದ್ರೆ ಒಂದೇ ಒಂದ್ಸಲ ಸಿಗೋಣ. ಹೆಸರು ಹೇಳ್ಬೇಡಿ. ನಿಮ್ಮ ಹಲ್ಲು ನೋಡ್ಕೊಂಡು ಬಂದ್ಬಿಡ್ತೀನಿ.’

ಎರಡು ದಿನ ನಡೆಯಿಲ್ಲ, ಮಳೆಯಿಲ್ಲ. ಮೂರನೇ ದಿನ ಬಂತು: ‘ನನ್ನ ಮುಖ ನಿಮಗೆ ಬೇಡ. ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ. ಇವತ್ತು ಆರು ಪಾಯಿಂಟ್ ಎರಡು.’

ಹೆಂಡತಿ ಇರಬೇಕು, ಎಂದುಕೊಂಡಳು ಅವಳು. ಹೆಂಡತಿ, ಮೂರು ಮಕ್ಕಳು, ಬಾಗಿಲಲ್ಲಿ ಹೆಸರಿನ ಹಲಗೆ. ತಾನು ಅವನ ಹೊತ್ತು ಕಳೆಯುವ ಆಟದ ಒಂದು ಕಾಯಿ. ಅವತ್ತಿನ ಮಳೆಯನ್ನು ಅವಳು ಬರೆದಿಡಲಿಲ್ಲ.

*

ಅವಳ ಮಗಳಿಗೆ ಹತ್ತೊಂಬತ್ತು. ಕಾಲೇಜಿನಲ್ಲಿ ಅಂಕಿಅಂಶದ ಓದು. ಮನೆಯಲ್ಲೇ ಇದ್ದರೂ ಅಮ್ಮನೊಡನೆ ಅರ್ಧ ಮಾತು ಫೋನಿನಲ್ಲೇ. ಅಡುಗೆ ತಡವಾದರೆ ರೂಮಿನಿಂದಲೇ ಅಳುಮೇಷ್ಟ್ರನ್ನು ಕಳಿಸುತ್ತಾಳೆ.

ಅಳುಮೇಷ್ಟ್ರು ಯಾರಿಗೆ ಗೊತ್ತಿಲ್ಲ? ಕನ್ನಡಕ ಹಣೆಗೇರಿಸಿ, ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು, ಬಾಯಿ ಸೊಟ್ಟ ಮಾಡಿ ಮಗುವಿನ ಹಾಗೆ ಅಳುವ ಮೇಷ್ಟ್ರ ಸ್ಟಿಕ್ಕರು. ಬಸ್ಸು ತಪ್ಪಿದರೆ ಅಳುಮೇಷ್ಟ್ರು, ಮಾರ್ಕ್ಸ್ ಕಮ್ಮಿ ಬಂದರೆ ಅಳುಮೇಷ್ಟ್ರು, ಉಪ್ಪು ಜಾಸ್ತಿಯಾದರೆ ಅಳುಮೇಷ್ಟ್ರು. ಯಾರೋ ಏನೋ, ಯಾವ ಕಾಲದವರೋ, ಕೇಳಿದವರಿಲ್ಲ. ಇವಳೂ ಕಳಿಸುತ್ತಿದ್ದಳು. ಮಗಳು ಕರೆ ಎತ್ತದಿದ್ದರೆ ಒಂದು, ಲ್ಯಾಬಿನಲ್ಲಿ ಕೆಲಸ ಹೆಚ್ಚಾದರೆ ಒಂದು.

ಆ ಸಂಜೆ ಟೀ ಹಿಡಿದು ಸುಮ್ಮನೆ ಕೂತ ಅಮ್ಮನ ಮುಖ ನೋಡಿ ಮಗಳು ಬಿಡಲಿಲ್ಲ. ಒಂದೊಂದಾಗಿ ಎಲ್ಲ ಹೊರಬಂತು. ಮಗಳಿಗೆ ಅಮ್ಮನಿಗೊಬ್ಬ ಪ್ರಿಯಕರನಿದ್ದಾನೆ ಎನ್ನುವುದು ಆಶ್ಚರ್ಯವಾಗಲಿಲ್ಲ, ಹನ್ನೊಂದು ವರ್ಷ ಮುಖ ನೋಡದೆ ಇದ್ದಳಲ್ಲ ಎನ್ನುವುದೇ ತಲೆಗೆ ಹೋಗಲಿಲ್ಲ. ಇದೇನು ಸನ್ಯಾಸವಾ ಎಂದು ಕೇಳಿದಳು. ತಾಯಿಗೆ ರೇಗಿತು. ನಿಮಗೆಲ್ಲ ತಿಂದಿದ್ದು ಉಂಡಿದ್ದು ಊರಿಗೆ ತೋರಿಸದಿದ್ದರೆ ಅರಗುವುದಿಲ್ಲ, ಮುಚ್ಚಿಟ್ಟುಕೊಳ್ಳುವ ಸುಖ ನಿಮಗೇನು ಗೊತ್ತು ಎಂದಳು.

ಮಗಳು ಕೋಪಿಸಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದಳು: “ನಾನು ಹುಟ್ಟಿದ ಎರಡನೇ ಗಂಟೆಗೆ ನನ್ನ ಫೋಟೋ ಹಾಕಿದ್ದೆ ನೀನು. ಸ್ನಾನ ಮಾಡಿಸೋದು ಹಾಕಿದ್ದೆ, ಜ್ವರ ಬಂದು ಮಲಗಿದ್ದು ಹಾಕಿದ್ದೆ. ನನ್ನ ಕೇಳಿದ್ಯಾ? ಮುಚ್ಚಿಡೋಕೆ ನಂಗೇನು ಉಳಿಸಿದ್ದೆ ಅಮ್ಮ?”

ಅವಳ ಅಮ್ಮ, ಅಂದರೆ ಈ ಹುಡುಗಿಯ ಅಜ್ಜಿ, ಬಂದ ಕಾಗದವನ್ನು ಎರಡು ಸಲ ಓದಿ ಒಲೆಗೆ ಹಾಕುತ್ತಿದ್ದವಳು. ಅಂಥವಳ ಮಗಳಾಗಿ ತಾನು ಸಂತೋಷದ ಭರದಲ್ಲಿ ಏನೇನು ಹಂಚಿಬಿಟ್ಟೆ ಎಂದು ಮೊದಲ ಸಲ ನಾಚಿಕೆಯಾಯಿತು.

“ಅವರ ಬಗ್ಗೆ ಏನು ಗೊತ್ತು ನಿಂಗೆ?” ಮಗಳು ಕೇಳಿದಳು.

“ಏನೂ ಇಲ್ಲ ಪುಟ್ಟಿ. ಮಳೆ ಒಂದೇ.”

ಮಗಳು ತಲೆಯೆತ್ತಿದಳು. ಆ ಕಣ್ಣಿನ ಮಿಂಚು ತಾಯಿಗೆ ಗೊತ್ತು, ಕಷ್ಟದ ಲೆಕ್ಕ ಕಂಡಾಗ ಬರುವ ಮಿಂಚು. ಅಲ್ಲಿಗೇ ಬೇಡ ಎಂದಿದ್ದರೆ ಸಾಕಿತ್ತು. ಒಂದೇ ಮಾತು. ಅವಳು ಅದನ್ನು ಹೇಳಲಿಲ್ಲ. ಎದ್ದುಹೋಗಿ ಬೀರು ತೆಗೆದು, ನೋಟುಬುಕ್ಕನ್ನು ತಂದುಕೊಟ್ಟಳು.

ಟೀ ಆರುವಷ್ಟೂ ಹೊತ್ತು ಬೇಕಾಗಲಿಲ್ಲ. ಎಲ್ಲ ಕೇಂದ್ರಗಳ ದಿನದಿನದ ಮಳೆಯ ಅಂಕಿಯನ್ನು ಯಾರು ಬೇಕಾದರೂ ನೋಡಬಹುದಂತೆ, ಎಷ್ಟೋ ವರ್ಷದ್ದು. ಮಗಳು ಎರಡು ತಿಂಗಳ ಮಳೆ ಒತ್ತಿ ಹೋಲಿಸಿದಳು. “ಇಷ್ಟೂ ದಿನ ಹೊಂದೋದು ಒಂದೇ ಕಡೆ ಅಮ್ಮ. ಬೆರಳಚ್ಚು ಇದ್ದ ಹಾಗೆ” ಎಂದಳು. ಇಲ್ಲಿಂದ ಮೂರು ಗಂಟೆಯ ದಾರಿ, ಬೆಟ್ಟದ ಮೇಲೆ. ಆ ಕಚೇರಿಯ ಪುಟದಲ್ಲಿ ಆರು ಜನ ಸಿಬ್ಬಂದಿಯ ಒಂದು ಫೋಟೋ. ಐವರು ಕ್ಯಾಮೆರಾ ನೋಡುತ್ತಿದ್ದರು. ತುದಿಯಲ್ಲೊಬ್ಬ ಟೋಪಿ ತಗ್ಗಿಸಿ ಪಕ್ಕಕ್ಕೆ ತಿರುಗಿದ್ದ. ಹೆಸರಿನ ಮುಂದೆ, ವೀಕ್ಷಕ. ಅವಳು ಹೆಸರು ಓದುವ ಮುಂಚೆ ಅದರ ಮೇಲೆ ಬೆರಳು ಮುಚ್ಚಿದಳು. ಮುಖವನ್ನು ಮಾತ್ರ ನೋಡಿದಳು. ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತು. ಪ್ರೀತಿಸಿದವರು ಹಾಗೇ ಅನಿಸುತ್ತಾರೇನೋ ಎಂದುಕೊಂಡಳು, ಹುಚ್ಚಿ.

ಮಗಳಿಗೂ ಹಾಗೇ ಅನಿಸಿತ್ತು. ಒಂದು ಮುಖ ಕೊಟ್ಟರೆ ಅದು ಇನ್ನೆಲ್ಲೆಲ್ಲಿದೆ ಎಂದು ಹುಡುಕಿಕೊಡುವ ಜಾಗಕ್ಕೆ ಅದನ್ನು ಹಾಕಿದಳು. ಪರದೆಯ ತುಂಬ ಒಂದೇ ಚಿತ್ರ, ಸಾಲುಸಾಲಾಗಿ. ಕನ್ನಡಕ ಹಣೆಯ ಮೇಲೆ. ಹಾಜರಿ ಪುಸ್ತಕ ಎದೆಯ ಮೇಲೆ.

“ಅಮ್ಮ, ಇವರು ಅಳುಮೇಷ್ಟ್ರು” ಎಂದು ಮಗಳು ನಕ್ಕಳು. ಹೆದರಿದಾಗಲೂ ಕೆಲವರಿಗೆ ನಗು ಬರುತ್ತದೆ.

ಅವಳು ತನ್ನ ಫೋನನ್ನು ಮಗುಚಿ ಇಟ್ಟಳು. ಹನ್ನೊಂದು ವರ್ಷ ಯಾವ ಮುಖಕ್ಕಾಗಿ ಹಂಬಲಿಸಿದ್ದಳೋ ಅದು ಅಷ್ಟೂ ದಿನ ಅವಳ ಕೈಯಲ್ಲೇ ಇತ್ತು. ಅಡುಗೆ ತಡವಾದಾಗಲೆಲ್ಲ ಅತ್ತಿತ್ತು, ಇವಳು ನೋಡಿ ನಕ್ಕಿದ್ದಳು. ಮುಖ ಯಾಕೆ ಬೇಡ ಎಂದಿದ್ದ ಎನ್ನುವುದು ಈಗ ತಿಳಿಯಿತು. ಕಾರಣ ಹೆಂಡತಿಯೂ ಅಲ್ಲ, ಹೆಸರಿನ ಹಲಗೆಯೂ ಅಲ್ಲ.

“ಯಾರಿಗೂ ಹೇಳ್ಬೇಡ ಪುಟ್ಟಿ” ಎಂದಳು.

ಮಗಳ ಹೆಬ್ಬೆರಳು ಪರದೆಯ ಮೇಲೆ ನಿಂತಿತು. “ಮೂರೇ ಜನಕ್ಕೆ ಕಳಿಸಿದೆ ಅಮ್ಮ. ನಮ್ಮವರೇ. ಈಗಲೇ ಅಳಿಸ್ತೀನಿ.”

ಅಳಿಸಿದಳು. ಆ ಮೂವರಲ್ಲಿ ಒಬ್ಬಳು ಆಗಲೇ ನೋಡಿ, ನಗುವಿನ ಗುರುತು ಒತ್ತಿದ್ದಳು. ಮಾತು ಆಡಿದರೆ ಹೋಯಿತು ಎಂದು ಗಾದೆ ಮಾಡಿದವರು ಈ ಫೋನುಗಳನ್ನು ಕಂಡಿರಲಿಲ್ಲ. ಅವಳಿಗೆ ಉಳಿದದ್ದು ಒಂದೇ ಕೆಲಸ, ಊರಿಗೆ ಗೊತ್ತಾಗುವ ಮುಂಚೆ ತಾನೇ ಹೋಗಿ ಅವನಿಗೆ ಹೇಳುವುದು.

*

ಮರುದಿನ ಬೆಟ್ಟದ ಮೇಲೆ ಬಸ್ಸಿಳಿದಾಗ ಹನ್ನೊಂದು ಗಂಟೆ. ತಂತಿ ಬೇಲಿಯ ಒಳಗೆ ಹುಲ್ಲಿನ ಅಂಗಳ, ಕಾಲುಗಳ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆ, ಅದರಾಚೆ ಮೊಣಕಾಲೆತ್ತರದ ಮಳೆಮಾಪಕ. ಒಬ್ಬ ಗಂಡಸು ಕುಕ್ಕರಗಾಲಲ್ಲಿ ಕೂತು ಅದರ ಸುತ್ತ ಬೆಳೆದ ಹುಲ್ಲನ್ನು ಕತ್ತರಿಯಿಂದ ಕತ್ತರಿಸುತ್ತಿದ್ದ. ಹೆಜ್ಜೆಯ ಸದ್ದಾದದ್ದೇ ಟೋಪಿ ಹುಬ್ಬಿನವರೆಗೆ ಇಳಿಯಿತು.

“ಒಳಗೆ ಬರೋ ಹಾಗಿಲ್ಲ ರೀ. ಏನು ಬೇಕಿತ್ತು?”

ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು, ಒಂದೂ ನೆನಪಾಗಲಿಲ್ಲ. ಅವನ ಬಾಯನ್ನೇ ನೋಡುತ್ತ ನಿಂತಳು. ಮೇಲಿನ ಸಾಲಿನಲ್ಲಿ ಎಡಗಡೆಯ ಕೋರೆಹಲ್ಲು ತುಸು ಓರೆ, ಪಕ್ಕದವರಿಗೆ ಜಾಗ ಬಿಟ್ಟು ಕೂತವರ ಹಾಗೆ. ಒಳ್ಳೆಯ ಹಲ್ಲು, ಸ್ವಂತದ್ದು. ಅವಳ ನೋಟ ಅಲ್ಲೇ ನಿಂತದ್ದನ್ನು ಅವನು ಗಮನಿಸಿದ. ಕತ್ತರಿ ಕೈಯಲ್ಲೇ ಉಳಿಯಿತು. ಟೋಪಿಯ ನೆರಳಿನಿಂದ ಎರಡು ಕಣ್ಣು ಮೆಲ್ಲಗೆ ಮೇಲೆದ್ದು ಅವಳ ಮುಖದ ಮೇಲೆ ಕೂತವು.

“ಎಲ್ಲಾ ಹಲ್ಲೂ ಸರಿ ಇದೆಯಾ?” ಎಂದ.

“ಒಂದು ಓರೆ ಇದೆ.”

“ಕಟ್ಟಿಕೊಡ್ತೀರಾ?”

“ಬೇಡ. ಅದೇ ಚೆನ್ನಾಗಿದೆ.”

ಅವನು ಎದ್ದು ನಿಂತ. ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಳ್ಳಲೂ ಮರೆತ. “ಕಾಲಾಳು ಇಷ್ಟು ದೂರ ಒಂದೇ ನಡೆಗೆ ಬರೋ ಹಾಗಿಲ್ಲ ಕಣ್ರೀ. ಆಟದ ನಿಯಮ ಗೊತ್ತಿಲ್ವಾ ನಿಮಗೆ?” ಎಂದ. ಸ್ವರ ತಮಾಷೆಯದೇ, ಕೈ ಮಾತ್ರ ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚುತ್ತಿತ್ತು. ಅವಳಿಗೆ ಆ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿದರೆ ಹೇಳಬೇಕಾದ್ದನ್ನು ಹೇಳಲಾರೆ ಎಂದು ಹೆದರಿ ಬೇಲಿಯ ತಂತಿ ಹಿಡಿದುಕೊಂಡಳು.

ಅವನು ಗೇಟು ತೆಗೆದು ಒಳಗೆ ಕರೆದ. ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿ ಒಂದು ಕಲ್ಲಿನ ಬೆಂಚು. ಕರ್ಚೀಫು ತೆಗೆದು ಅದನ್ನು ಒರೆಸಿ ಅವಳನ್ನು ಕೂರಿಸಿದ. ಪಕ್ಕದಲ್ಲಿ ತಾನೂ ಕೂತ. ಅವಳು ಓರೆಗಣ್ಣಿನಲ್ಲಿ ಅವನ ನರೆತ ಕಿವಿಗೂದಲು ನೋಡಿದಳು. ಅವನು ಅವಳ ಬೆರಳ ತುದಿಗೆ ಹತ್ತಿದ್ದ ಅಚ್ಚಿನ ಬಿಳಿಪುಡಿ ನೋಡಿ, ಇದಾ ಆ ಕೈ, ಎಂದ. ಆ ಒಂದೆರಡು ನಿಮಿಷ ಅವಳ ಜೀವನದ ಅತಿ ಒಳ್ಳೆಯ ನಿಮಿಷಗಳು. ಮುಂದೆ ಏನೇ ಆದರೂ ಅವನ್ನು ಯಾರಿಗೂ ಕಿತ್ತುಕೊಳ್ಳಲಾಗಲಿಲ್ಲ.

“ಹೇಗೆ ಸಿಕ್ಕಿದೆ ನಾನು?” ಎಂದು ಕೇಳಿದ.

“ಮಳೆ” ಎಂದಳು ಅವಳು.

ಅವನು ನಗಲು ಹೋದ, ಅರ್ಧಕ್ಕೇ ಅರ್ಥವಾಯಿತು. ಸಾಕಿದ ನಾಯಿ ಕಚ್ಚಿದಾಗ ನೋಡುವ ಹಾಗೆ ಮಳೆಮಾಪಕವನ್ನು ನೋಡಿದ. ಅವಳು ಉಳಿದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದಳು. ನೋಟುಬುಕ್ಕು ಕೊಟ್ಟವಳು ತಾನೇ ಎಂದಳು, ಮಗಳ ಮೇಲೆ ಹಾಕಲಿಲ್ಲ. ಮೂವರಿಗೆ ಹೋಗಿದೆ ಎಂದಳು. ಮೂರು ಎಂದರೆ ಎಷ್ಟು ಎಂದು ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಅವನು ಬೈಯಲಿಲ್ಲ. ಒಂದೇ ಮಾತು ಕೇಳಿದ: “ನೀವೂ ಕಳಿಸಿದ್ದೀರಾ, ಅದನ್ನ?”

ಇಲ್ಲ ಎನ್ನಬಹುದಿತ್ತು. ಎಂದಿದ್ದರೆ ನಂಬುತ್ತಿದ್ದ.

“ಹ್ಞೂಂ” ಎಂದಳು.

“ತುಂಬಾ ಸಲವಾ?”

“ತುಂಬಾ ಸಲ.”

ಅವನು ತಲೆಯಾಡಿಸಿದ. ಅವಳು ಕಣ್ಣೊರೆಸಿಕೊಂಡು, “ಯಾಕೆ ಅಳ್ತಿದ್ರಿ ಅವತ್ತು?” ಎಂದಳು.

ಅವನು ಥಟ್ಟನೆ ಅವಳ ಕಡೆ ತಿರುಗಿದ. “ಹದಿನಾಲ್ಕು ವರ್ಷ ಆಯ್ತು. ಎಷ್ಟು ಲಕ್ಷ ಜನ ನೋಡಿದಾರೋ. ಇದನ್ನ ಕೇಳಿದ್ದು ನೀವೇ ಮೊದಲು.”

ಹೇಳಿದ. ಆಗ ಅವನು ಶಾಲೆಯ ಮೇಷ್ಟ್ರು. ಬೆಳಿಗ್ಗೆ ಹಾಜರಿ ಕೂಗುತ್ತಿದ್ದ, ಹದಿನೈದು, ಹದಿನಾರು, ಹದಿನೇಳು. ಹದಿನೇಳನೇ ನಂಬರಿನ ಹುಡುಗಿ ಜ್ವರ ಬಂದು ತೀರಿಕೊಂಡು ಹತ್ತು ದಿನವಾಗಿತ್ತು. ಪುಸ್ತಕದಲ್ಲಿ ಅವಳ ಹೆಸರಿಗೆ ಗೀಟು ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ. ಬಾಯಿಯ ಅಭ್ಯಾಸ, ಕೂಗಿಬಿಟ್ಟ. ಆಗ ಆ ಹುಡುಗಿಯ ಪಕ್ಕ ಕೂರುತ್ತಿದ್ದವಳು, ಅವಳದೂ ಅಭ್ಯಾಸವೇ, ‘ಬಂದಿಲ್ಲ ಸಾರ್’ ಎಂದಳು. ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಹೊಸ ಫೋನು ತಂದಿದ್ದರು. ಸಂಜೆಯೊಳಗೆ ಮಾತೆಲ್ಲ ಕತ್ತರಿಸಿಹೋಗಿ ಬರೀ ಮುಖ ಉಳಿಯಿತು.

“ನಾನು ನಾಲ್ಕು ಸೆಕೆಂಡು ಅತ್ತಿದ್ದು. ಆ ನಾಲ್ಕು ಸೆಕೆಂಡು ಇನ್ನೂ ಮುಗಿದಿಲ್ಲ” ಎಂದ. “ನನ್ನದು ಹೋಗಲಿ. ಆ ಮಗುವಿನ ತಾಯಿಗೂ ಯಾರೋ ಅದನ್ನ ಕಳಿಸಿದ್ರಂತೆ, ನಗಲಿ ಅಂತ. ಅವತ್ತೇ ಶಾಲೆ ಬಿಟ್ಟೆ.”

ಅವಳು ಬಿಕ್ಕಿಬಿಕ್ಕಿ ಅತ್ತಳು. ಅವನು ಅವಳ ಬಿಳಿಪುಡಿಯ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ.

“ಕೇಳಿ. ನನ್ನ ಮುಖಕ್ಕೆ ನಗೋರು ಬೇಕಾದಷ್ಟು ಜನ ಇದಾರೆ. ನನ್ನ ಮಾತಿಗೆ ನಕ್ಕಿದ್ದು ನೀವೊಬ್ಬರೇ. ಬೆಳಿಗ್ಗೆ ಎದ್ದು ಈ ನೀರು ಅಳೆಯೋದು ಸರ್ಕಾರಕ್ಕೆ ಅಂದ್ಕೊಂಡಿದ್ರಾ? ನಿಮಗೆ ಹೇಳೋಕೆ ಅಂತ ಅಳೀತಿದ್ದೆ ನಾನು.”

“ನನ್ನ ಜೊತೆ ಬಂದ್ಬಿಡಿ” ಎಂದಳು ಅವಳು.

“ನಿಮ್ಮ ಬೀದೀಲಿ ಎಷ್ಟು ಫೋನಿವೆ?” ಎಂದು ಕೇಳಿದ.

ಅಷ್ಟರಲ್ಲಿ ಬೇಲಿಯಾಚೆ ಸ್ಕೂಟರು ನಿಂತ ಸದ್ದು. ಇಬ್ಬರು ಕಾಲೇಜಿನ ಹುಡುಗಿಯರು, ಒಬ್ಬ ಹುಡುಗ. ಕೆಟ್ಟವರೇನಲ್ಲ, ಮುಖದಲ್ಲಿ ಜಾತ್ರೆಗೆ ಬಂದ ಮಕ್ಕಳ ಖುಷಿ. “ಸಾರ್, ನೀವೇ ಅಲ್ವಾ? ಒಂದೇ ಒಂದು ಫೋಟೋ ಸಾರ್” ಎಂದು ಕೂಗಿದರು. ಫೋನುಗಳು ಆಗಲೇ ಕೈಗೆ ಬಂದಿದ್ದವು. ಬಿಳಿಯ ಪೆಟ್ಟಿಗೆಯ ಮರೆಯಲ್ಲಿದ್ದ ಬೆಂಚು ಅವರಿಗೆ ಇನ್ನೂ ಕಂಡಿರಲಿಲ್ಲ.

ಅವನು ಅವಳ ಕೈ ಬಿಟ್ಟ. ಸ್ವರ ಇಳಿಸಿ, ಬೇಗಬೇಗ ಮಾತಾಡಿದ: “ಹಿಂದೆ ಒಂದು ಗೇಟಿದೆ, ಅಗುಳಿ ಎಳೆದರೆ ಸಾಕು. ಹೋಗಿ. ನನ್ನ ಪಕ್ಕ ನಿಮ್ಮ ಮುಖ ಕಂಡ್ರೆ ನಾಳೆಯಿಂದ ನೀವೂ ಸ್ಟಿಕ್ಕರೇ.”

“ನೀವು?”

“ನಂದು ಹೇಗೂ ಅವರ ಹತ್ರಾನೇ ಇದೆ. ನಿಮ್ಮದು ಯಾರ ಹತ್ರಾನೂ ಇಲ್ಲ. ಹಾಗೇ ಇರ್ಲಿ.”

ಅವಳು ಕದಲಲಿಲ್ಲ. ಅವನು ಒಮ್ಮೆ, ಇನ್ನೊಬ್ಬರಿಗೆ ಕಾಣದ ಹಾಗೆ, ಅವಳ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿದ. ಆಮೇಲೆ ಎದ್ದು ನೇರವಾಗಿ ಬೇಲಿಯ ಕಡೆ ನಡೆದ. ನಡೆಯುತ್ತಲೇ, ಹದಿನಾಲ್ಕು ವರ್ಷ ಯಾರ ಮುಂದೆಯೂ ತೆಗೆದಿರದ ಟೋಪಿಯನ್ನು ಕೈಯಾರೆ ತೆಗೆದ. “ಬನ್ನಿ, ಬನ್ನಿ, ಎಲ್ಲಿ ನಿಂತ್ಕೊಳ್ಳಲಿ?” ಎಂದು ಜೋರಾಗಿ ಕೇಳಿದ. ಮೂರೂ ಫೋನು ಅವನ ಮುಖಕ್ಕೆ ತಿರುಗಿದವು. ಅವಳು ಬಗ್ಗಿಕೊಂಡು, ಬಾಯಿಗೆ ಕೈ ಒತ್ತಿಕೊಂಡು, ಹಿಂದಿನ ಗೇಟಿನಿಂದ ಹೊರಬಿದ್ದಳು. ಅಗುಳಿ ಹಾಕಲೂ ತೋಚಲಿಲ್ಲ. ಒಬ್ಬರ ಹೆಸರನ್ನೊಬ್ಬರು ಕೇಳಿಕೊಳ್ಳಲಿಲ್ಲ ಎನ್ನುವುದು ಬಸ್ಸು ಅರ್ಧ ಬೆಟ್ಟ ಇಳಿದ ಮೇಲೆ ನೆನಪಾಯಿತು.

*

ಆಮೇಲೆ ಆಗುವುದೆಲ್ಲ ಆಯಿತು. ಒಂದು ವಾರ ಬೆಟ್ಟಕ್ಕೆ ಜನವೋ ಜನ. ಎರಡನೇ ವಾರ ಅಲ್ಲಿ ಬೇರೆ ವೀಕ್ಷಕರು ಬಂದಿದ್ದಾರೆ ಎಂದ ಮೇಲೆ ಜನ ಬರುವುದು ನಿಂತಿತು. ಅವನು ಎಲ್ಲಿಗೆ ಹೋದ ಎಂದು ಮಗಳು ಹುಡುಕಲಿಲ್ಲ. ಹುಡುಕಿದ್ದರೆ ಸಿಗುತ್ತಿದ್ದನೋ ಏನೋ. ಅವಳು ತನ್ನ ಲ್ಯಾಪ್‌ಟಾಪನ್ನು ಮುಚ್ಚಿ, ಅಮ್ಮನ ಮಡಿಲಲ್ಲಿ ತಲೆಯಿಟ್ಟು, ನನ್ನಿಂದ ಆಯ್ತು ಎಂದು ಅತ್ತಳು. ನಿನ್ನಿಂದಲ್ಲ ಕಣೇ, ಪುಸ್ತಕ ತಂದುಕೊಟ್ಟ ಕೈ ನನ್ನದು, ಎಂದಳು ತಾಯಿ. ಈಗೀಗ ಮಗಳು ಫೋಟೋ ತೆಗೆಯುವ ಮುಂಚೆ ‘ತೆಗೀಲಾ ಅಮ್ಮ?’ ಎಂದು ಕೇಳುತ್ತಾಳೆ. ಬೇಡ ಎಂದರೆ ಇಟ್ಟುಬಿಡುತ್ತಾಳೆ.

ಮೂವತ್ತನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ಸೈಟಿನಲ್ಲಿ ಅವನ ನಡೆ ಬಂತು. ಕೊನೆಯ ಮನೆಯನ್ನು ಕಾಯುತ್ತಿದ್ದ ಕುದುರೆಯನ್ನು ಎತ್ತಿ ದೂರ, ಹಲಗೆಯ ಮೂಲೆಗೆ ಇಟ್ಟಿದ್ದ. ಕೆಳಗೆ ಎರಡು ಸಾಲು:

‘ನಿಮ್ಮ ದಾರಿ ಬಿಟ್ಟಿದೀನಿ. ಇಲ್ಲಿ ಮಳೆ ಬರ್ತಿದೆ. ಎಷ್ಟು ಅಂತ ಹೇಳಲ್ಲ.’

ಅವಳು ಕಾಲಾಳನ್ನು ಮುಟ್ಟಲಿಲ್ಲ. ಇಟ್ಟರೆ ಅವನ ರಾಜ ಸೋತು, ಆಟ ಮುಗಿದು ಆ ಸಾಲು ಅಳಿಸಿಹೋಗುತ್ತದಲ್ಲ. ದಿನವೆಲ್ಲ ಓದಿಕೊಂಡಳು. ಒಂದನೇ ತಾರೀಖು ತೆರೆದರೆ, ನಿಮ್ಮ ಹೆಸರು ಕೊಡಿ ಎಂಬ ಖಾಲಿ ಡಬ್ಬಿ ಬಿಟ್ಟು ಅಲ್ಲಿ ಏನೂ ಇರಲಿಲ್ಲ.

ಲ್ಯಾಬಿನಲ್ಲಿ ಕೆಲಸ ಎಂದಿನಂತೆ. ಮೊನ್ನೆ ಒಂದು ಮೇಲ್ದವಡೆ ತಡವಾಯಿತೆಂದು ಯಜಮಾನರು ಅವಳಿಗೊಂದು ಸ್ಟಿಕ್ಕರು ಕಳಿಸಿದರು. ಹೊಸದು. ಅಳುಮೇಷ್ಟ್ರು ಹಳೆಯದಾದರು, ಈಗ ಎಲ್ಲರೂ ಕಳಿಸುವುದು ನಗುಮೇಷ್ಟ್ರನ್ನೇ. ಬೇಲಿಯ ಹತ್ತಿರ, ಟೋಪಿ ಕೈಯಲ್ಲಿ, ಬಾಯಿ ತುಂಬ ನಗುತ್ತ ನಿಂತಿದ್ದಾನೆ. ಎಡಗಡೆಯ ಕೋರೆಹಲ್ಲು ತುಸು ಓರೆ. ಅವಳು ಕೆಲಸದ ದೀಪ ಹತ್ತಿರಕ್ಕೆಳೆದು, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

ಅವನ ಹೆಗಲ ಹಿಂದೆ, ಅಂಗಳದ ಕೊನೆಯಲ್ಲಿ, ಒಂದು ಸಣ್ಣ ಗೇಟು ಅರ್ಧ ತೆರೆದಿದೆ. ಅಲ್ಲಿಂದ ಈಗಷ್ಟೇ ಯಾರೋ ಹೊರಗೆ ಹೋಗಿದ್ದಾರೆ ಎನ್ನುವುದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ.